ತಾತನ ಕಾಲದ ಹೊಸ ರೇಡಿಯೋ

ನಮ್ಮ ತಾತ ಜೀವಮಾನದಲ್ಲಿ ರೇಡಿಯೋ ಇಟ್ಟುಕೊಂಡವನಲ್ಲ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ, ನೇಯ್ದ, ಹೋದ. ಆದರೂ ದೊಡ್ಡಬಳ್ಳಾಪುರದ ನಮ್ಮ ಮನೆಗೆ ‘ತಾತನ ಕಾಲದ ರೇಡಿಯೋ’ ಅಂತ ಒಂದು ಬಂತು. ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಬೆಂಗಳೂರಿನ ಅಂಗಡಿಯಿಂದ, ಹೊಚ್ಚ ಹೊಸ ಡಬ್ಬಿಯಲ್ಲಿ. ತಂದ ಮಹಾನುಭಾವ ನಾನೇ.

ಆಗ ಬಿ.ಕಾಂ. ಮುಗಿಸಿದ್ದೆ. ಸಿಕ್ಕಿದ ಕೆಲಸ ನನ್ನ ಯೋಗ್ಯತೆಗೆ ಸಾಲದು ಅಂತ ಬಿಟ್ಟು, ಅಪ್ಪ ನೇಯಿಸಿದ ಸೀರೆ ಗಂಟನ್ನು ಬಸ್ಸಿನಲ್ಲಿ ಹೊತ್ತು ಬೆಂಗಳೂರಿನ ಸಾಹುಕಾರರಿಗೆ ಮುಟ್ಟಿಸ್ತಿದ್ದೆ. ಅವರಲ್ಲೊಬ್ಬರ ಮನೆಯ ಹಾಲ್‌ನಲ್ಲಿ ಹಳೇ ವಾಲ್ವ್ ರೇಡಿಯೋ ಇತ್ತು. ತೇಗದ ಪೆಟ್ಟಿಗೆ, ಹಿತ್ತಾಳೆ ಗುಂಡಿ, ಮುಂದೆ ಗಾಜು, ಗಾಜಿನ ಹಿಂದೆ ಹಳದಿ ದೀಪ. ಅದು ಹಾಡ್ತಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆದರೆ ಅದರ ಪಕ್ಕ ಕೂತು ಸಾಹುಕಾರರು ಸೀರೆಗೆ ಎಷ್ಟು ಕಮ್ಮಿ ರೇಟು ಹೇಳಿದರೂ ನನಗೆ ನ್ಯಾಯ ಅನ್ನಿಸಿಬಿಡ್ತಿತ್ತು. ಇಂಥದ್ದೊಂದು ನಮ್ಮ ನಡುಮನೇಲಿದ್ರೆ ನಾವೂ ತಲೆತಲಾಂತರದ ಗತ್ತಿನವರ ಹಾಗೆ ಕಾಣ್ತೀವಲ್ಲ ಅಂದ್ಕೊಂಡೆ. ಹುಚ್ಚು ಹತ್ತಿತು.

ಅಂಗಡಿಯವನು ನನ್ನ ಮುಖ ನೋಡಿದ ಕೂಡಲೇ ಬಕ್ರ ಬಂತು ಅಂದ್ಕೊಂಡಿರಬೇಕು. "ಇದು ಎಲ್ಲರಿಗೂ ಅಲ್ಲ ಸಾರ್, ಕ್ಲಾಸ್ ಜನಕ್ಕೆ" ಅಂದ. ಅಷ್ಟು ಸಾಕಾಯ್ತು. "ಸೆಲ್ ಹಾಕೋದು ಎಲ್ಲಿ?" ಅಂತ ಕೇಳಿದ್ದಕ್ಕೆ, "ಹಳೇ ಕಾಲದ ಸೆಟ್ಟಿಗೆ ಸೆಲ್ ಇರ್ತಿತ್ತಾ ಸಾರ್?" ಅಂತ ನನ್ನನ್ನೇ ಕೇಳಿದ. ಇರಲಿಲ್ಲವಲ್ಲ! ಅಸಲಿ ಅಂದ್ರೆ ಹೀಗಿರಬೇಕು ಅಂತ ತಲೆಯಾಡಿಸಿದೆ. ಯಾರಿಗೂ ಹೇಳದೆ ಚೀಲದಲ್ಲಿ ತಂದಿದ್ದ ಮನೆಯ ಸೆಲ್ ಟ್ರಾನ್ಸಿಸ್ಟರನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಪೆಟ್ಟಿಗೆಯನ್ನು ಮದುವೆ ಹೆಣ್ಣನ್ನು ಕರಕೊಂಡು ಬರೋ ಹಾಗೆ ಕಿಟಕಿ ಪಕ್ಕ ಕೂರಿಸಿಕೊಂಡು ಬಂದೆ.

ಆ ಟ್ರಾನ್ಸಿಸ್ಟರ್ ಅಮ್ಮನದು. ನಮ್ಮದು ಪವರ್‌ಲೂಮ್ ಮನೆ. ಕರೆಂಟ್ ಇದ್ದರೆ ಮಗ್ಗ ಓಡಲೇಬೇಕು, ಮಗ್ಗ ಓಡಿದರೆ ಪಕ್ಕದಲ್ಲಿದ್ದವನ ಮಾತೂ ಕೇಳಿಸದು. ಊಟಕ್ಕೆ ಕರೆಯೋದೂ ಕೈಸನ್ನೆಯಲ್ಲೇ. ಸಂಜೆ ಕರೆಂಟ್ ಹೋದಾಗ ಮಾತ್ರ ನಮ್ಮ ಮನೆಗೆ ಕಿವಿ ಬರ್ತಿತ್ತು. ಆಗ ಅಮ್ಮ ಟ್ರಾನ್ಸಿಸ್ಟರ್ ಹಾಕ್ಕೊಂಡು ಜಗಲಿ ಮೇಲೆ ಕೂರ್ತಿದ್ದಳು. ಬೆಳಗಿಂದ ಅಡುಗೆ ಮಾಡಿ, ಪಾತ್ರೆ ಬೆಳಗಿ, ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತಿ ಸುತ್ತಿ, ಅವಳು ಬೆನ್ನು ಗೋಡೆಗೆ ಒರಗಿಸ್ತಿದ್ದದ್ದು ಆ ಅರ್ಧ ಗಂಟೆ. ಅಷ್ಟು ಹೊತ್ತು ಅವಳನ್ನು ಯಾರೂ ಕರೀಬಾರದು, ಕರೀತಿರಲಿಲ್ಲ.

ನನ್ನ ಘನಕಾರ್ಯ ಏನು ಅಂತ ಈಗ ತಿಳೀತಲ್ಲ? ಕರೆಂಟ್ ಇದ್ದರೆ ಮಾತ್ರ ಹಾಡೋ ರೇಡಿಯೋ, ಕರೆಂಟ್ ಇದ್ದರೆ ಏನೂ ಕೇಳಿಸದ ಮನೆಗೆ! ಮಗ್ಗದ ಸದ್ದಿನಲ್ಲೇ ಹುಟ್ಟಿ, ಮಗ್ಗದ ಸದ್ದಿನಲ್ಲೇ ಓದಿ ಪದವೀಧರನಾದ ನನಗೆ ಇದು ಹೊಳೀಲಿಲ್ಲ. ಮೊದಲನೇ ದಿನ ಸಂಜೆ ಕರೆಂಟ್ ಹೋಯ್ತು, ಮಗ್ಗ ನಿಂತವು, ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಹೊಸ ಪೆಟ್ಟಿಗೆ ಮುಂದೆ ಕೂತಳು. "ಹಾಕೋ" ಅಂದಳು. ನಾನು ಗುಂಡಿ ತಿರುಗಿಸಿದೆ. ಆಮೇಲೆ ಇನ್ನೊಂದು ತಿರುಗಿಸಿದೆ. ಆಮೇಲೆ ನನ್ನ ತಲೆಗೆ ಹೋಯ್ತು.

"ನನ್ನ ರೇಡಿಯೋ ಎಲ್ಲೋ?" ಅಂದಳು.

ಹೇಳಿದೆ. ಅಯ್ಯೋ, ಅವತ್ತು ಬೈಸಿಕೊಂಡದ್ದು! "ಮುಂಡೇದೇ, ನಿನ್ನ ಶೋಕಿಗೆ ನನ್ನದೇ ಬೇಕಾಗಿತ್ತೇನೋ?" ಅಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಅದು ಸೀಮೆಎಣ್ಣೆ ದೀಪದ ಹೊಗೆ ಅಂದ್ಕೊಂಡೆ, ಅಂದ್ಕೊಳ್ಳೋಕೆ ಅನುಕೂಲವಾಗಿತ್ತು. ಮಾರನೇ ದಿನದಿಂದ ಕರೆಂಟ್ ಹೋದಾಗ ಅವಳು ಜಗಲಿಗೆ ಬಂದರೆ, ಸುಮ್ಮನೆ ಕೂತಿದ್ದಾಳಲ್ಲ ಅಂತ ಅಪ್ಪ ನೀರು ಕೇಳ್ತಿದ್ದ, ನಾನು ಕಾಫಿ ಕೇಳ್ತಿದ್ದೆ.

ಅಪ್ಪ ಬೈಯಲಿಲ್ಲ. ಸ್ಪೀಕರಿಗೆ ಹೊದಿಸಿದ್ದ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ನೇಯ್ಗೆ ಅಲ್ಲ ಕಣೋ, ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿರೋದು" ಅಂದ. ಆಮೇಲೆ ಒಂದೊಂದೇ ಗುಟ್ಟು ಆಚೆ ಬಂತು. ನಾಲ್ಕು ಗುಂಡಿಯಲ್ಲಿ ಎರಡು ಬರೀ ತೋರಿಕೆಗೆ. ಗಾಜಿನ ಮೇಲೆ ಲಂಡನ್ ಇತ್ತು, ಕೊಲಂಬೊ ಇತ್ತು, ಮುಳ್ಳು ಎಲ್ಲಿ ನಿಲ್ಲಿಸಿದರೂ ಬೆಂಗಳೂರಿನ ಕೃಷಿ ಸಲಹೆಯೇ ಬರ್ತಿತ್ತು. ಮಳೆಗಾಲ ಬಂದಾಗ ತೇಗ ಗುಳ್ಳೆ ಎದ್ದು, ಅದು ಮರದ ಚಿತ್ರವಿದ್ದ ಕಾಗದ ಅಂತ ಗೊತ್ತಾಯ್ತು. ಆದರೂ ಸೀರೆ ನೋಡೋಕೆ ಬಂದವರಿಗೆಲ್ಲ ನಾನು "ತಾತನ ಕಾಲದ್ದು" ಅಂತಲೇ ಬಿಡ್ತಿದ್ದೆ. ನೆಲಮಂಗಲದ ವ್ಯಾಪಾರಿಯೊಬ್ಬ ಹತ್ತಿರ ಹೋಗಿ ಬಗ್ಗಿ ನೋಡಿ, "ನಿಮ್ಮ ತಾತ ಕ್ಯಾಸೆಟ್ ಬೇರೆ ಕೇಳ್ತಿದ್ರಾ ಗುರು?" ಅಂದ. ಕ್ಯಾಸೆಟ್ಟಿನ ಬಾಗಿಲು ಮುಚ್ಚೋದು ಮರೆತಿದ್ದೆ.

ನಿಜ ಹೇಳ್ತೀನಿ, ಇಷ್ಟೆಲ್ಲ ಆದರೂ ಆ ಹಳದಿ ದೀಪ ಹತ್ತಿದರೆ ನನಗೆ ಜೀವ ತಂಪಾಗ್ತಿತ್ತು. ನಡುಮನೆಯೇ ಬೇರೆ ಯಾರದೋ ಮನೆ ಅನ್ನಿಸ್ತಿತ್ತು.

ಕೆಲವು ದಿನ ಕಳೆದ ಮೇಲೆ ಅಮ್ಮನೇ ಒಂದು ದಾರಿ ಮಾಡಿಕೊಂಡಳು. ಸಂಜೆ ಮಗ್ಗ ಓಡ್ತಿರೋವಾಗಲೇ ರೇಡಿಯೋ ಹಾಕಿ, ಮಣೆ ಹತ್ತಿರ ಎಳಕೊಂಡು, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕಣ್ಣು ಮುಚ್ಚಿ ಕೂರೋಳು. ಅಪ್ಪ ಅಷ್ಟು ಹೊತ್ತು ತಾನೇ ಕಂಡಿಕೆ ಸುತ್ತಿಕೊಳ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡಿ ಬೀಗ್ತಿದ್ದೆ. ನೋಡಿ, ನಾನು ತಂದದ್ದು ದಂಡವಾಗಲಿಲ್ಲ! ಆ ವರ್ಷ ಪೂರ್ತಿ ಹೀಗೇ ನಡೀತು.

ಒಂದು ದಿನ ಎರಡೂ ಮಗ್ಗದ ಹಾಸು, ಅಂದರೆ ಉದ್ದದ ನೂಲು, ಒಟ್ಟಿಗೇ ಮುಗಿದು, ಹಳೇ ಎಳೆಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸೋ ಕೆಲಸ ಬಂತು. ನಮ್ಮಲ್ಲಿ ಇದಕ್ಕೆ ಅಚ್ಚು ಕೆಚ್ಚೋದು ಅಂತಾರೆ. ಅವತ್ತು ಕರೆಂಟೂ ಇತ್ತು, ಮಗ್ಗಗಳೂ ನಿಂತಿದ್ದವು. ಇಂಥ ಯೋಗ ಮತ್ತೆ ಬರುತ್ತಾ? ಎಲ್ಲರೂ ನನ್ನ ರೇಡಿಯೋ ಸರಿಯಾಗಿ ಕೇಳಲಿ ಅಂತ ಗತ್ತಿನಿಂದ ಹೋಗಿ ಗುಂಡಿ ತಿರುಗಿಸಿದೆ. ದೀಪ ಹತ್ತಿತು. ಸದ್ದಿಲ್ಲ. ಪೂರ್ತಿ ಜೋರು ಮಾಡಿದೆ, ಗುಯ್ ಅಂತ ಕೂಡ ಅನ್ನಲಿಲ್ಲ.

ಹಿಂದಿನ ಹಲಗೆ ಬಿಚ್ಚಿದೆ. ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಅಂಗೈಯಷ್ಟಗಲದ ಸ್ಪೀಕರು, ಮಿಕ್ಕಿದ್ದೆಲ್ಲ ಖಾಲಿ, ಥೇಟ್ ನನ್ನ ಹಾಗೆ. ಪೆಟ್ಟಿಗೆಯನ್ನು ಮಗ್ಗದ ಕೋಣೆಯ ಗೋಡೆಗೆ ತಾಗಿಸಿ ಇಟ್ಟಿದ್ದೆ, ಅದುರಿ ಅದುರಿ ಸ್ಪೀಕರಿನ ತಂತಿ ಕಿತ್ತುಬಂದಿತ್ತು. ಕಿತ್ತ ತುದಿಯ ಮೇಲೆ ನೂಲಿನ ಧೂಳು ದಪ್ಪಗೆ ಕೂತಿತ್ತು. ಇದು ನಿನ್ನೆ ಮೊನ್ನೆ ಕಿತ್ತದ್ದಲ್ಲ.

"ಅಮ್ಮಾ, ನಿನ್ನೆ ಸಂಜೆ ಕೂಡ ಕೇಳ್ತಿದ್ಯಲ್ಲ?"

ಅವಳು ಹಿಟ್ಟು ಜರಡಿ ಹಿಡೀತಿದ್ದಳು. ತಲೆ ಎತ್ತಲಿಲ್ಲ. "ಕೇಳ್ತಿರ್ಲಿಲ್ಲ ಕಣೋ. ಕೂತಿದ್ದೆ."

"ಯಾವಾಗಿಂದ ಕೆಟ್ಟಿದೆ?"

"ಗೌರಿ ಹಬ್ಬದ ಹೊತ್ತಿಗೇ ನಿಂತೋಯ್ತು."

ಯುಗಾದಿ ಹತ್ತಿರ ಬಂದಿತ್ತು. ಎಳೆ ಎತ್ತಿ ಕೊಡ್ತಿದ್ದ ಅಪ್ಪ ಕೈ ನಿಲ್ಲಿಸಿ, "ಹೇಳಬಾರದಾಗಿತ್ತೇನೆ? ಕೂರಬೇಡ ಅಂತಿದ್ವಾ ನಾವು?" ಅಂದ.

"ಅಂತಿರ್ಲಿಲ್ಲ" ಅಂದಳು ಅಮ್ಮ. "ಕರೀತಿದ್ರಿ."

ಅಪ್ಪ ಎಳೆಗಳ ಕಡೆ ತಿರುಗಿದ. ನನಗೆ ನಾಚಿಕೆಯಾಯ್ತು. ಏನಾದರೂ ಅನ್ನಬೇಕಲ್ಲ ಅಂತ, "ತಂತಿ ಬೆಸೆದುಬಿಡ್ತೀನಮ್ಮ, ಸರಿಹೋಗುತ್ತೆ" ಅಂದೆ.

"ಬೆಸೀ, ಬಿಡು, ನಿನ್ನಿಷ್ಟ. ದೀಪ ಮಾತ್ರ ಕೆಡಿಸ್ಬೇಡ."

ತಂತಿ ಬೆಸೆದೆ. ಮಾರನೇ ದಿನ ಸಂಜೆ ಮಗ್ಗ ಶುರುವಾದ ಮೇಲೆ ಅಮ್ಮ ಬಂದು, ದೀಪ ಹಚ್ಚಿ, ಪೆಟ್ಟಿಗೆಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದಳು. ಅಭ್ಯಾಸ ಬಲ, ಕಾಫಿ ಅಂತ ಸನ್ನೆ ಮಾಡೋಕೆ ನನ್ನ ಕೈ ಅರ್ಧ ಎದ್ದಿತ್ತು. ಇಳಿಸಿಕೊಂಡು ಅಡುಗೆಮನೆಗೆ ಹೋದೆ. ಹುಟ್ಟಿದಾಗಿನಿಂದ ಆ ಮನೆಯಲ್ಲೇ ಇದ್ದವನಿಗೆ ಕಾಫಿಪುಡಿ ಡಬ್ಬ ಯಾವುದು ಅಂತ ಗೊತ್ತಿರಲಿಲ್ಲ. ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡ್ತಾ ಹೋದೆ.