ಕವಲುಬಂಡೆಯ ಬಾಣ

ಉಗುರಿನ ಸಂದಿಯಲ್ಲಿ ಸದಾ ಹಳದಿ ಬಣ್ಣ ಅಂಟಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಹಳದಿಯಣ್ಣ ಎಂದೇ ಕರೆಯುತ್ತಿದ್ದರು. ಘಾಟಿಯ ಹಳೆಯ ಕಾಲುದಾರಿಗೆ ಗುರುತು ಹಾಕುವುದು ಅವನ ಕೆಲಸ. ಮಳೆಗಾಲ ಮುಗಿಯುತ್ತಿದ್ದಂತೆ ಡಬ್ಬಿ, ಕುಂಚ, ತಂತಿ ಬ್ರಷ್ಷು ಹಿಡಿದು ಹತ್ತುತ್ತಿದ್ದ. ಬಂಡೆಯ ಮೇಲಿನ ಹಳೆಯ ಬಾಣವನ್ನು ಉಜ್ಜಿ ತೆಗೆದು ಹೊಸದನ್ನು ಬರೆಯುತ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಹೆಂಡತಿ ಘಾಟಿಯ ಬುಡದ ವಸತಿಗೃಹದಲ್ಲಿ ಅಡುಗೆಯವಳು. ಹತ್ತೊಂಬತ್ತು ತಿರುವಿನ ರಸ್ತೆಯಲ್ಲಿ ಸೈಕಲ್ ತುಳಿಯಲು ಬರುವವರು ಅಲ್ಲೇ ತಂಗುತ್ತಿದ್ದರು. ಒಂದು ದಿನ ಸೈಕಲ್ಲಿಗೆ ರಜೆ ಕೊಟ್ಟು, ಕಾಲುದಾರಿಯಲ್ಲಿ ನೆತ್ತಿಯವರೆಗೆ ನಡೆದು ಬರುವುದು ಅವರಲ್ಲಿ ಬಹಳ ಮಂದಿಯ ರೂಢಿ.

ಆ ವರ್ಷ ಮುಕ್ಕಾಲು ಪಾಲು ಕೆಲಸ ಮುಗಿಸಿ ಕವಲುಬಂಡೆಗೆ ಬಂದ. ಅಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ನೆತ್ತಿ. ಎಡಕ್ಕಿರುವುದು ಆಡುಗಳು ತುಳಿದು ಮಾಡಿದ ಜಾಡು. ನೋಡಲು ಅದೇ ಅಗಲ, ಅದೇ ಚೆಂದ. ಆದರೆ ಅರ್ಧ ಮೈಲಿಯಾಚೆ ಸಡಿಲ ಕಲ್ಲಿನ ಜಾರಿನಲ್ಲಿ ಕೊನೆಯಾಗುತ್ತದೆ. ಹಳೆಯ ಬಾಣವನ್ನು ಚೆನ್ನಾಗಿ ಉಜ್ಜಿ ತೆಗೆದ ಮೇಲೆ ನೋಡಿದರೆ ಡಬ್ಬಿಯಲ್ಲಿ ತಳಕ್ಕಂಟಿದ ಬಣ್ಣವಷ್ಟೇ ಇತ್ತು. ಇಳಿದು ಮತ್ತೆ ಹತ್ತಲು ಮೂರು ಗಂಟೆ. ಮೊಣಕಾಲು ಬೇರೆ ಚುಚ್ಚುತ್ತಿತ್ತು. ‘ನಾಳೆ ಬಂದರಾಯ್ತು’ ಎಂದುಕೊಂಡು ಇಳಿದ. ನಾಳೆ ಹೋಗಿ ನಾಡಿದ್ದಾಯಿತು, ಭಾಮೈದನ ಮನೆಯ ಸೂರು ರಿಪೇರಿ ಬಂತು, ಒಂಬತ್ತು ದಿನ ಕಳೆಯಿತು. ರಸ್ತೆ ಕಚೇರಿಯ ಪುಸ್ತಕದಲ್ಲಿ ಮಾತ್ರ ‘ಕೆಲಸ ಪೂರ್ತಿ’ ಎಂದು ಬರೆದು ರುಜು ಹಾಕಿಬಿಟ್ಟಿದ್ದ.

ಹತ್ತನೆಯ ದಿನ ಬೆಳಿಗ್ಗೆ ವಸತಿಗೃಹದ ಊಟದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಎದುರಿಗೆ ಒಬ್ಬ ಹೆಂಗಸು ಬಂದು ಕೂತರು. ಅರವತ್ತು ದಾಟಿದ ನಿವೃತ್ತ ಲೆಕ್ಕದ ಟೀಚರ್. ಹಿಂದಿನ ದಿನವಷ್ಟೇ ಒಬ್ಬರೇ ಸೈಕಲ್ ತುಳಿದುಕೊಂಡು ಬಂದಿದ್ದರು. ಇದು ಅವರ ಹನ್ನೊಂದನೆಯ ಘಾಟಿಯಂತೆ.

“ದಾರಿಗೆ ಗುರುತು ಹಾಕೋರು ನೀವೇ ಅಂತೆ? ಸರಿಯಾಗಿದೆಯೇನ್ರೀ? ನಾನು ಒಬ್ಬಳೇ ಹೋಗ್ತಾ ಇರೋದು.”

ಹೇಳಬಹುದಿತ್ತು. ಕವಲಿನಲ್ಲಿ ಬಲಕ್ಕೆ ತಿರುಗಿ ಎಂದರೆ ಮುಗಿಯುತ್ತಿತ್ತು. ಆದರೆ ಪಕ್ಕದ ಮೇಜಿನಲ್ಲಿ ವಸತಿಗೃಹದ ಮ್ಯಾನೇಜರು ಕೂತಿದ್ದ, ಅವನ ಕಿವಿಗೆ ಬಿದ್ದರೆ ಪುಸ್ತಕದ ರುಜು ಸುಳ್ಳೆಂದು ರಸ್ತೆ ಕಚೇರಿಗೂ ತಿಳಿಯುತ್ತಿತ್ತು.

“ಕಣ್ಣು ಮುಚ್ಕೊಂಡು ಹೋಗಿ ಟೀಚರಮ್ಮ,” ಎಂದ ಹಳದಿಯಣ್ಣ.

“ಕಣ್ಣು ಮುಚ್ಕೊಂಡರೆ ನಿಮ್ಮ ಬಾಣ ಕಾಣೋದು ಹೇಗಪ್ಪಾ?” ಎಂದು ಅವರು ನಕ್ಕರು. ಇವನೂ ನಕ್ಕ.

ಹನ್ನೊಂದರ ಹೊತ್ತಿಗೆ ಮಂಜು ಇಳಿಯಿತು. ಎರಡು ಗಂಟೆಗೆ ಹೆಂಡತಿ ಅಡುಗೆಮನೆಯಿಂದ ಬಂದು, “ಒಂದಕ್ಕೆಲ್ಲ ಊಟಕ್ಕೆ ಬರ್ತೀನಿ ಅಂದಿದ್ರು ಟೀಚರಮ್ಮ. ಇನ್ನೂ ಪತ್ತೆ ಇಲ್ಲ,” ಎಂದಳು. ಅವರು ಎಲ್ಲಿದ್ದಾರೆಂದು ಅವನಿಗೆ ಕೇಳದೆಯೇ ಗೊತ್ತಿತ್ತು. ಹಿಂದೆಯೇ ಸ್ಟ್ರೆಚರ್ ತನ್ನಿ ಎಂದು ಮ್ಯಾನೇಜರಿಗೆ ಹೇಳಿ, ಹಗ್ಗ, ನೀರಿನ ಬಾಟಲಿ ತೆಗೆದುಕೊಂಡ. ಶೆಡ್ಡಿಗೆ ಹೋಗಿ ಹೊಸ ಡಬ್ಬಿ, ಕುಂಚವನ್ನೂ ಚೀಲಕ್ಕೆ ಹಾಕಿಕೊಂಡ. ಯಾಕೆ ಎಂದು ಆಗ ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ.

ಕವಲುಬಂಡೆ ಮುಟ್ಟಿದಾಗ ಎಡಗಡೆಯಿಂದ ಸೀಟಿ ಕೇಳಿತು. ಮೂರು ಸಲ, ಸ್ವಲ್ಪ ಬಿಡುವು, ಮತ್ತೆ ಮೂರು ಸಲ. ಅವನು ಓಡಬೇಕಿತ್ತು. ಓಡದೆ ಮಂಡಿಯೂರಿ ಡಬ್ಬಿಯ ಮುಚ್ಚಳ ತೆಗೆದ. ಸೀಟಿ ಕೇಳುತ್ತಲೇ ಇತ್ತು, ಅವನು ಬಾಣ ಬರೆಯುತ್ತಲೇ ಇದ್ದ. ಹೊಸದೆಂದು ಕಾಣದಿರಲಿ ಎಂದು ಒಂದು ಹಿಡಿ ಮಣ್ಣನ್ನೂ ಮೇಲೆ ಉದುರಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ. ಆಮೇಲೆ ವರ್ಷಗಟ್ಟಲೆ ಅವನನ್ನು ಕಾಡಿದ್ದು ಆ ನಡುಗದ ಕೈಯೇ. ಡಬ್ಬಿಯನ್ನು ಪೊದೆಗೆ ಎಸೆದು ಆಮೇಲೆ ಓಡಿದ.

ಟೀಚರಮ್ಮ ಜಾರಿನ ಕೆಳಗೆ ಬಿದ್ದಿದ್ದರು. ಪಾದದ ಕೀಲು ಮುರಿದು ಹೊರಳಿತ್ತು, ತುಟಿ ನೀಲಿಗಟ್ಟಿತ್ತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಬಂದ್ರಲ್ಲಪ್ಪ, ಸಾಕು. ಯಾರೂ ಬರಲ್ಲ ಅಂದ್ಕೊಂಡಿದ್ದೆ,” ಎಂದು ಅತ್ತರು. ಹಿಡಿದ ಆ ಕೈಯಲ್ಲಿ ಬಣ್ಣ ಇನ್ನೂ ಹಸಿಯಾಗಿತ್ತು. ಉಗುರು ಹಳದಿ ಇರುವವನ ಕೈಯಲ್ಲಿ ಅದನ್ನು ಯಾರು ಗಮನಿಸುತ್ತಾರೆ?

ಸ್ಟ್ರೆಚರ್ ಹೊತ್ತು ತರುವಾಗ ಕವಲಿನಲ್ಲಿ ಮ್ಯಾನೇಜರು, “ಇಷ್ಟು ದೊಡ್ಡ ಬಾಣ ಇದೆಯಲ್ಲ ಟೀಚರ್, ಕಾಣಲಿಲ್ವಾ?” ಎಂದ.

ಅವರು ನಿಲ್ಲಿಸಲು ಹೇಳಿದರು. ಬಂಡೆಯನ್ನು ಬಹಳ ಹೊತ್ತು ನೋಡಿದರು. “ನಾನು ಇಲ್ಲೇ ನಿಂತು ಹುಡುಕಿದೆನಲ್ಲ,” ಎಂದರು ಮೆಲ್ಲಗೆ.

ರಸ್ತೆ ಕಚೇರಿಯವರು ಹಳದಿಯಣ್ಣನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಫೋಟೋ ಊಟದ ಕೋಣೆಯ ಗೋಡೆಗೇರಿತು. ಅವನು ಅಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟ. ಯಾರಾದರೂ ಹೊಗಳಿದರೆ ಮೈಮೇಲೆ ಚೇಳು ಹರಿದಂತಾಗುತ್ತಿತ್ತು. ‘ಜೀವ ಉಳಿಸಿದ್ದೂ ನಾನೇ ತಾನೇ’ ಎಂದು ಮನಸ್ಸಿಗೆ ಸಮಾಧಾನ ಹೇಳಿ ನೋಡಿದ. ಮನಸ್ಸು ಕೇಳಲಿಲ್ಲ.

ಎಂಟು ತಿಂಗಳ ಮೇಲೆ ಲಾರಿಯಲ್ಲಿ ಟೀಚರಮ್ಮನ ಸೈಕಲ್ ಬಂತು, ಜೊತೆಗೆ ಪತ್ರ. ಹೆಂಡತಿ ಅಡುಗೆಮನೆಯಲ್ಲಿ ನಿಂತು ಓದಿದಳು. ಕಾಲು ವಾಸಿಯಾಗಿದೆ ಎಂದು ಟೀಚರಮ್ಮ ಬರೆದಿದ್ದರು. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರಂತೆ. ಹಾಗಿದ್ದರೆ ಕೆಟ್ಟಿರುವುದು ತಲೆಯೇ ಇರಬೇಕು. ಎದುರಿಗಿದ್ದ ಬಾಣ ಕಾಣದವಳು ನಾಳೆ ಗ್ಯಾಸ್ ಆರಿಸುವುದನ್ನೂ ಮರೆಯಬಹುದೆಂದು ತಮ್ಮನೂ ನಾದಿನಿಯೂ ಹೆದರಿದ್ದಾರೆ. ಈಗ ಒಬ್ಬಳೇ ಎಲ್ಲಿಗೂ ಹೋಗುವುದಿಲ್ಲ. ಈ ಸೈಕಲ್ ನನ್ನ ಜೀವ ಉಳಿಸಿದವರಿಗೆ.

ಹೆಂಡತಿ ಪತ್ರ ಮಡಿಸಿ ಡಬ್ಬಗಳ ಸಾಲಿನ ಮೇಲಿಟ್ಟಳು. “ಆವತ್ತಿನ ಅಂಗಿ ಒಗೆದಿದ್ದು ನಾನೇ ರೀ. ತೋಳಲ್ಲಿ ಹಸಿ ಬಣ್ಣ ಇತ್ತು. ಅದಕ್ಕೂ ಮುಂಚೆ ಒಂಬತ್ತು ದಿನ ನೀವು ಡಬ್ಬಿ ಮುಟ್ಟಿರಲಿಲ್ಲ.”

“ಗೊತ್ತಿದ್ದೂ ಯಾಕೆ ಕೇಳಲಿಲ್ಲ?” ಎಂದ.

“ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಕಾದಿದ್ದು ನನ್ನದೂ ತಪ್ಪೇ. ಈಗ ಹೊರಡಿ.”

ಸೈಕಲ್ಲನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ಹೊರಟ. ಪತ್ರದ ವಿಳಾಸದಲ್ಲಿದ್ದುದು ಎರಡನೆಯ ಮಹಡಿಯ ಮನೆ. ಟೀಚರಮ್ಮನೇ ಬಾಗಿಲು ತೆಗೆದರು. ಗೋಡೆಯ ತುಂಬ ಚೀಟಿಗಳು ಅಂಟಿದ್ದವು: ‘ಒಲೆ ಆರಿಸು’, ‘ಬೀಗ ಹಾಕು’, ‘ನಲ್ಲಿ ನೋಡು’. ಅದನ್ನು ಕಂಡು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಹೊಸಿಲಿನಾಚೆಯೇ ನಿಂತು ಒಂದೇ ಉಸಿರಿಗೆ ಹೇಳಿದ. ಉಜ್ಜಿದ ಬಾಣ, ಖಾಲಿ ಡಬ್ಬಿ, ಪುಸ್ತಕದ ರುಜು, ಕೊನೆಗೆ ಆ ಸೀಟಿ.

“ಸೀಟಿ ಕೇಳಿಸ್ತಿತ್ತಾ ನಿಮಗೆ?”

“ಕೇಳಿಸ್ತಿತ್ತು.”

“ಕೇಳಿಸ್ತಿದ್ದಾಗಲೇ ಬರೀತಿದ್ರಾ?”

ತಲೆಯಾಡಿಸಿದ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ಕಾಲು ಮುರಿದಿದ್ದು ಬಿಡಿ, ಮೂಳೆ ಕೂಡ್ಕೊಳ್ಳುತ್ತೆ. ಎಂಟು ತಿಂಗಳು ನನಗೆ ಬುದ್ಧಿ ಕೆಡ್ತಿದೆ ಅಂತ ನಾನೇ ನಂಬಿದ್ದೆ. ನನ್ನ ಕೈಯಾರೆ ಈ ಚೀಟಿ ಬರೆದು ಅಂಟಿಸಿದೆ. ಇದಕ್ಕೇನು ಹೇಳ್ತೀರಿ?”

ಅವನು ಕಾಲಿಗೆ ಬೀಳಲು ಬಗ್ಗಿದ.

“ಬೇಡ. ಅದೊಂದು ಮಾಡಬೇಡಿ. ಸೈಕಲ್ ಇಲ್ಲಿಟ್ಟು ಹೋಗಿ,” ಎಂದು ಬಾಗಿಲು ಹಾಕಿಕೊಂಡರು. ಮೆಟ್ಟಿಲಿಳಿಯುವಾಗ ಒಳಗಿನಿಂದ ಗೋಡೆಯ ಕಾಗದ ಹರಿಯುವ ಸದ್ದು ಕೇಳಿತು, ಒಂದಾದ ಮೇಲೊಂದು.

ವಾಪಸು ಬಂದವನು ನೇರ ರಸ್ತೆ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟ. ಗುರುತಿನ ಕೆಲಸ ಬೇರೆಯವನಿಗೆ ಹೋಯಿತು. ಇವನನ್ನು ತಡೆಗೋಡೆಗೆ ಕಲ್ಲು ಹೊರುವ ಗುಂಪಿಗೆ ಹಾಕಿದರು. ಫೋಟೋ ಗೋಡೆಯಿಂದಿಳಿಯಿತು. ಕೆಲವರು ‘ಸುಮ್ಮನಿದ್ದಿದ್ದರೆ ಏನು ಗಂಟು ಹೋಗ್ತಿತ್ತು’ ಎಂದರು, ಕೆಲವರು ಮಾತೇ ಬಿಟ್ಟರು. ಎದೆ ಹಗುರಾಗುತ್ತದೆಂದು ಕಾದಿದ್ದ. ಅಷ್ಟೇನೂ ಆಗಲಿಲ್ಲ. ನಿದ್ದೆ ಮಾತ್ರ ಬರತೊಡಗಿತು.

ಮರುವರ್ಷ, ಮಳೆ ನಿಂತು ತಿಂಗಳಾದ ಮೇಲೆ, ಏಳನೆಯ ತಿರುವಿನಲ್ಲಿ ಕಲ್ಲು ಜೋಡಿಸುತ್ತಿದ್ದಾಗ ಒಂದು ಸೈಕಲ್ ನಿಧಾನವಾಗಿ ಹತ್ತಿ ಬಂತು. ಟೀಚರಮ್ಮ. ಏದುಸಿರು ಬಿಡುತ್ತಿದ್ದರು, ಪೆಡಲ್ ನಿಲ್ಲಿಸಲಿಲ್ಲ. ಅವನು ಎದ್ದು ನಿಂತ. ಅವರು ಅವನತ್ತ ನೋಡಿದರು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ತಿರುವು ದಾಟಿ ಹೋದರು.

ಸಂಜೆ ಹೆಂಡತಿಯನ್ನು ಕೇಳಿದ, “ನಿನ್ನ ಹತ್ರ ಏನಾದ್ರೂ ಹೇಳಿದ್ರಾ?”

“ನಿನ್ನೆ ನೆತ್ತಿಗೆ ಒಬ್ಬರೇ ನಡೆದುಹೋಗಿ ಬಂದ್ರು. ಚಹಾಕ್ಕೆ ಸಕ್ಕರೆ ಜಾಸ್ತಿ ಆಯ್ತು ಅಂದ್ರು.”

“ನನ್ನ ವಿಷಯ?”

“ಏನೂ ಇಲ್ಲ ರೀ,” ಎಂದಳು ಅವಳು, ಅವನ ತಟ್ಟೆಗೆ ಬಡಿಸುತ್ತ.