ಅವ್ವನ ಮುಖ ಹುಡುಕಿಕೊಂಡು ಈಜಿಪ್ಟಿಗೆ

ನನಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅಕ್ಕನನ್ನು ಎಳೆದುಕೊಂಡು ಈಜಿಪ್ಟಿಗೆ ಹೋಗಿ ಬಂದದ್ದಕ್ಕೆ ಹೊಳಲ್ಕೆರೆಯ ಜನ ಏನೇನೋ ಕಾರಣ ಕಟ್ಟಿದ್ದಾರೆ. ಒಬ್ಬರು ಹರಕೆ ಅಂದರು. ಇನ್ನೊಬ್ಬರು ಈಯಮ್ಮನಿಗೆ ತಲೆ ಕೆಟ್ಟಿದೆ ಅಂದರು. ಎರಡನೆಯದು ಪೂರ್ತಿ ಸುಳ್ಳೇನಲ್ಲ.

ನಾವು ಹುಟ್ಟಿ ಬೆಳೆದದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆ ಕಡೆಯ ಒಂದು ಹಳ್ಳಿ. ನಮ್ಮ ಪೈಕಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ವಾಲದಂತೆ ಹಣೆಗೆ ಬಟ್ಟೆ ಕಟ್ಟಿ, ಮೈಗೆಲ್ಲ ವಿಭೂತಿ ಬಳಿದು, ಕೂತ ಭಂಗಿಯಲ್ಲೇ ಅಂಗೈಯಲ್ಲಿ ಲಿಂಗವಿಟ್ಟು ತೋಟದ ಮಣ್ಣಿಗೆ ಇಳಿಸುತ್ತಾರೆ. ಅವ್ವನನ್ನೂ ಹಾಗೇ ಕೂರಿಸಿದ್ದರು. ಈಯಮ್ಮನದು ಒಂದೂ ಫೋಟೊ ಇಲ್ಲವಲ್ಲ ಎಂದು ಆವತ್ತು ಯಾರಿಗೋ ಹೊಳೆದು ಹೊಸದುರ್ಗದಿಂದ ಫೋಟೊದವನನ್ನು ಕರೆಸಿದರು. ಅವನು ಸೈಕಲ್ ತುಳಿದುಕೊಂಡು ಬರುವಷ್ಟರಲ್ಲಿ ಬಳಿಯುವವರು ಭಕ್ತಿಯಿಂದ ಬಳಿದು ಮುಗಿಸಿದ್ದರು. ಹಣೆ, ಕೆನ್ನೆ, ರೆಪ್ಪೆ, ತುಟಿ ಎಲ್ಲಾ ಬಿಳಿ. ಗದ್ದದವರೆಗೆ ಹೂವಿನ ಹಾರ. ನಮ್ಮ ಮನೆಯಲ್ಲಿರುವ ಅವ್ವನ ಒಂದೇ ಒಂದು ಫೋಟೊ ಅದು. ಒಂದು ಕಡೆ ಕಣ್ಣು ಕಿರಿದು ಮಾಡಿಕೊಂಡ ನಾನು, ಇನ್ನೊಂದು ಕಡೆ ಎರಡು ಜಡೆಯ ಅಕ್ಕ, ನಡುವೆ ಗುರುತು ಸಿಗದ ಒಂದು ಬಿಳಿ ಮುಖ. ಒಂಚೂರು ಮುಖ ಒರೆಸಿ ತೆಗೀರಪ್ಪ ಅನ್ನುವ ಒಬ್ಬ ಮನುಷ್ಯ ಆ ಮನೆ ತುಂಬಿದ ಜನರಲ್ಲಿ ಇರಲಿಲ್ಲವಲ್ಲ ಎಂದು ನನಗೆ ಈಗಲೂ ಮೈ ಉರಿಯುತ್ತದೆ.

ಅವ್ವ ಹೇಗಿದ್ದಳು ಎಂದು ಅಪ್ಪನನ್ನು ಕೇಳಿದರೆ ಟವಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಎದ್ದು ಹೋಗಿಬಿಡುತ್ತಿದ್ದ. ಅವ್ವನ ತವರು ಐಮಂಗಲ. ಅಲ್ಲಿಗೆ ಹೋದಾಗಲೆಲ್ಲ ಸೋದರಮಾವ ನನ್ನ ಗದ್ದ ಹಿಡಿದು, "ತಾಯೇ ಎದ್ದು ಬಂದಂಗೈತೆ ನೋಡ್ರಪ್ಪ" ಅಂದು ಕಣ್ಣೊರೆಸಿಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚು ಕೇಳಿದರೆ ಕೈಗೆ ಬೆಲ್ಲದ ಚೂರು ಕೊಟ್ಟು ಆಡಲು ಕಳಿಸುತ್ತಿದ್ದ. ಇನ್ನು ಉಳಿದವಳು ಅಕ್ಕ. ನನಗಿಂತ ಆರು ವರ್ಷಕ್ಕೆ ದೊಡ್ಡವಳು.

ನಾನು ಊಟಕ್ಕೆ ಹಟ ಮಾಡುತ್ತಿದ್ದೆ. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ತುತ್ತು ಇಡುತ್ತ ಅವ್ವನ ಮುಖ ಹೇಳುತ್ತಿದ್ದಳು.

"ಅವ್ವನ ಹಣೆ ಅಗಲ ಕಣೇ. ಹುಬ್ಬು ಎರಡೂ ಕೂಡ್ಕಂಡಿದ್ವು."

"ಆಮೇಲೆ?"

"ಮುಂದಿನ ಎರಡು ಹಲ್ಲಿನ ನಡುವೆ ಸಂದಿ. ನಕ್ಕರೆ ಎಡಗೆನ್ನೆಲಿ ಗುಳಿ ಬೀಳ್ತಿತ್ತು. ಉಣ್ಣೇ ಮೊದ್ಲು."

ಒಂದು ತುತ್ತಿಗೆ ಒಂದು ಮಾತು. ಹಲ್ಲಿನ ಸಂದಿ, ಕೆನ್ನೆಯ ಗುಳಿ ನನಗೂ ಇದ್ದವು. ಅವ್ವನದು ನನಗೆ ಬಂದಿದೆಯಲ್ಲ ಎಂದು ಹಿಗ್ಗುತ್ತಿದ್ದೆ. ಹಿಗ್ಗಿನ ಜೊತೆಗೆ ಹೊಟ್ಟೆಕಿಚ್ಚೂ ಇತ್ತು. ಅಕ್ಕನೊಳಗೆ ಅವ್ವನ ಇಡೀ ಮುಖ ಇದೆ, ನನಗೆ ಚೂರುಪಾರು ಕೊಡುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಜಗಳ ಬಂದಾಗಲೆಲ್ಲ ಒಂದೇ ಮಾತು ಎತ್ತುತ್ತಿದ್ದೆ: "ನಿಂಗೇನು ಬಿಡು, ನೀನು ಅವ್ವನ್ನ ಕಂಡಿದೀಯ." ಬಾಯಿಗೆ ಬಾಯಿ ಕೊಡುತ್ತಿದ್ದ ಅಕ್ಕ ಈ ಮಾತಿಗೆ ಮಾತ್ರ ಸುಮ್ಮನಾಗುತ್ತಿದ್ದಳು. ಗೆದ್ದೆ ಎಂದುಕೊಳ್ಳುತ್ತಿದ್ದೆ ನಾನು.

ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಒಂದು ಪುಸ್ತಕ ತಂದು ಅದರ ಒಂದು ಚಿತ್ರವನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಒಬ್ಬ ರಾಜ. "ಈಜಿಪ್ಟು ಅಂತ ದೇಶ ಐತೆ. ಇವ್ನು ಸತ್ತು ಮೂರು ಸಾವಿರ ವರ್ಷ ಆಗೈತೆ, ಮುಖ ಇನ್ನೂ ಹಂಗೇ ಐತೆ ನೋಡ್ರಲೇ" ಅಂದರು. ಹುಡುಗರು ಥೂ ಎಂದು ಮುಖ ಕಿವಿಚಿದರು. ನಾನು ಆ ಪುಟ ಬಿಡಲಿಲ್ಲ. ಮುಖವನ್ನು ಹೋಗಗೊಡದ ಜನ ಭೂಮಿಯ ಮೇಲೆ ಇದ್ದರು! ಹೇಗೆ ಉಳಿಸಿದ್ದಾರೆ, ಎಷ್ಟು ಉಳಿದಿದೆ ಎಂದು ಹತ್ತಿರ ನಿಂತು ನೋಡಬೇಕು ಅನ್ನಿಸಿತು. ಎದ್ದು ನಿಂತು ಹೇಳಿಯೇಬಿಟ್ಟೆ.

"ಸಾ, ನಾನು ಈಜಿಪ್ಟಿಗೆ ಹೋಗ್ತೀನಿ."

"ಹೋಗೀವಂತೆ. ಮೊದ್ಲು ಹಿರಿಯೂರು ನೋಡ್ಕಂಡು ಬಾರಮ್ಮ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆವತ್ತಿನಿಂದ ನನ್ನ ಹೆಸರು ಈಜಿಪ್ಟು. ಕೊಡ ಹಿಡಿದು ಬಾವಿಗೆ ಹೋದರೂ "ಈಜಿಪ್ಟು ಬಂತು, ದಾರಿ ಬಿಡ್ರೇ" ಎಂದು ಹೆಂಗಸರು ಕಾಡುತ್ತಿದ್ದರು. ಕಾಡಲಿ ಎಂದು ನಾನೂ ಸೆಟೆದುಕೊಂಡೇ ನಡೆಯುತ್ತಿದ್ದೆ.

ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ಟೈಪಿಂಗ್ ಕ್ಲಾಸು ನಡೆಸಿದೆ. ಕಂಪ್ಯೂಟರ್ ಬಂದ ಮೇಲೆ ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋದವು, ನಾನು ಆನ್‌ಲೈನ್ ಅರ್ಜಿ ತುಂಬುವವಳಾದೆ. ಹಜ್‌ಗೆ ಹೋಗುವವರ, ದುಬೈಗೆ ಡ್ರೈವರ್ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟ್ ಅರ್ಜಿಗಳನ್ನು ನಾನೇ ಕುಟ್ಟುತ್ತಿದ್ದೆ. ತಂದೆಯ ಹೆಸರು ತಪ್ಪು ಹೇಳಿದವರಿಗೆ ಬೈದೂ ಬೈದಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಯಾರದೋ ಅರ್ಜಿ ಮುಗಿಸಿ, ಕುರ್ಚಿಯಿಂದ ಏಳದೆ ನನ್ನದೊಂದು ತುಂಬಿದೆ. ಅದರ ಹಿಂದೆಯೇ ಅಕ್ಕನದು.

ನಮ್ಮನೆಯವರು, "ಮುದ್ದೆ ಸಿಗದ ಊರಿಗೆ ನಾ ಬರಾಕಿಲ್ಲ. ಅಕ್ಕ ತಂಗೀರು ಹೋಗಿ ಬರ್ರಿ" ಎಂದು ಕೈ ತೊಳೆದುಕೊಂಡರು. ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಳು ಹೊಸದುರ್ಗದಲ್ಲಿ, ತೆಂಗಿನ ತೋಟದ ಮನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ಬಸ್ಸಿನಲ್ಲಿ ಹೋಗಿ ಅವಳ ಮುಂದೆ ಕುಕ್ಕರಿಸಿ, ನನ್ನ ಮನಸ್ಸಿನಲ್ಲಿದ್ದದ್ದನ್ನು ಬಿಡಿಸಿ ಹೇಳಿದೆ. ನಾವಿಬ್ಬರೂ ಒಂದು ಹಳೇ ಮುಖದ ಮುಂದೆ ನಿಲ್ಲೋಣ. ಅವ್ವನ ಮೂಗು ಇದಕ್ಕಿಂತ ಉದ್ದ, ಅವ್ವನ ಕೆನ್ನೆ ಇದಕ್ಕಿಂತ ತುಂಬಿತ್ತು ಎಂದು ನೀನು ಬೆರಳಿಟ್ಟು ಹೇಳು. ಆಗ ನನ್ನ ಕಣ್ಣಿಗೂ ಅವ್ವ ಬಂದಾಳು. ನೀನೊಬ್ಬಳೇ ಅಲ್ಲವೇ ಕಂಡವಳು?

ಅಕ್ಕ ಮುಖ ತಿರುಗಿಸಿಕೊಂಡು ತೆಂಗಿನಗರಿ ಸೀಳತೊಡಗಿದಳು. ಮಂಡಿ ನೋವು ಅಂದಳು. ಕಾಯಿ ಕೀಳಿಸಬೇಕು ಅಂದಳು. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿ ಬರುತ್ತೇನೆ ಅಂದಳು. ಸ್ವಾಮಿಗಳು ಸಂತೋಷವಾಗಿ ಹೋಗಿ ಬಾ ತಾಯಿ ಎಂದು ಆಶೀರ್ವಾದ ಮಾಡಿ ಕಳಿಸಿದರು. ಇವಳಿಗೆ ವಿಮಾನದ ಹೆದರಿಕೆ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಪ್ಪ ಕಾಫಿ ಕುಡಿಯುತ್ತ, "ಈ ವಯಸ್ಸಲ್ಲಿ ಅಲ್ಲಿಗ್ಯಾಕಮ್ಮ?" ಎಂದು ಅಕ್ಕನನ್ನು ಕೇಳಿದ.

"ಹೆಣ ನೋಡಾಕೆ ಕಣಪ್ಪ" ಅಂದಳು ಅಕ್ಕ.

ಅವನ ಪೆನ್ನು ನಿಂತುಹೋಯಿತು. "ಪ್ರವಾಸ, ಪ್ರವಾಸ ಅಂತ ಬರ್ಕಳ್ರಿ ಸಾರ್" ಎಂದು ನಾನು ನಡುವೆ ಬಾಯಿ ಹಾಕದಿದ್ದರೆ ಏನು ಬರೆಯುತ್ತಿದ್ದನೋ.

ಬೆಂಗಳೂರಿನಿಂದ ಹೊರಟ ಒಂದು ಗುಂಪಿನ ಜೊತೆ ಹೋದೆವು. ಅವಲಕ್ಕಿ, ಚಟ್ನಿಪುಡಿ, ಕೊಬ್ಬರಿ ಬೆಲ್ಲ ಎಲ್ಲ ಕಟ್ಟಿಕೊಂಡಿದ್ದೆವು. ಮೊದಲ ದಿನವೇ ಪಿರಮಿಡ್ಡು. ಬಸ್ಸಿನ ಕಿಟಕಿಯಲ್ಲಿ, ಮನೆಗಳ ಸಾಲಿನ ಹಿಂದೆ ಅದರ ತುದಿ ಕಂಡಾಗ ನಾನು ಸೀಟಿನಿಂದ ಎದ್ದೇ ನಿಂತೆ. ಹತ್ತಿರ ಹೋದರೆ ಒಂದೊಂದು ಕಲ್ಲೂ ನನ್ನ ಎದೆಮಟ್ಟ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಎರಡೂ ಕೈ ಊರಿ, ಬಂದೆ ಕಣಯ್ಯ, ಅಂತೂ ಬಂದೆ ಎಂದು ಗಟ್ಟಿಯಾಗಿ ಹೇಳಿ ಅತ್ತೆ. ನಾಚಿಕೆ ಏನೂ ಆಗಲಿಲ್ಲ. ಕ್ಲಾಸಿನಲ್ಲಿ ನಕ್ಕವರೆಲ್ಲ ಅಲ್ಲಿ ಸಾಲಾಗಿ ನಿಂತು ನೋಡಬೇಕಿತ್ತು.

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಕತ್ತೆತ್ತಿ ನೋಡಿದಳು. "ನಮ್ ದುರ್ಗದಾಗೆ ದೇವ್ರೇ ಕಲ್ಲು ಪೇರ್ಸಿಟ್ಟವ್ನೆ. ಇಲ್ಲಿ ಪಾಪ ಇವ್ರೇ ಹೊತ್ತವ್ರೆ. ಎಷ್ಟು ಜನದ ಸೊಂಟ ಹೋತೋ ಏನೋ" ಎಂದು ಲೊಚಗುಟ್ಟಿದಳು. ಒಂಟೆಯವನೊಬ್ಬ ಹತ್ತಿ ಹತ್ತಿ ಎಂದು ಸನ್ನೆ ಮಾಡುತ್ತ ಬೆನ್ನು ಬಿದ್ದ. "ಹೋಗಪ್ಪ ಅತ್ಲಾಗೆ, ನಂಗೆ ಮಂಡಿ ನೋವು ಐತೆ" ಎಂದು ಅಕ್ಕ ಅಚ್ಚ ಹೊಸದುರ್ಗದ ಕನ್ನಡದಲ್ಲಿ ಗದರಿದಳು. ಅವನು ಅವಳ ಮಂಡಿ ನೋಡಿ, ತಲೆಯಾಡಿಸಿ, ಕೂರಲು ಒಂದು ಕಲ್ಲು ತೋರಿಸಿ ಹೋದ. ಆ ದಿನ ನಾವಿಬ್ಬರೂ ನಕ್ಕಷ್ಟು ಈಚೆಗೆ ಯಾವತ್ತೂ ನಕ್ಕಿರಲಿಲ್ಲ.

ಮೂರನೇ ದಿನ ಮ್ಯೂಸಿಯಂ. ಬೆಳಗಿನಿಂದಲೇ ಅಕ್ಕನ ಮಾತು ಕಡಿಮೆಯಾಗಿತ್ತು, ತಿಂಡಿ ಮುಟ್ಟಿರಲಿಲ್ಲ. ಮಮ್ಮಿಗಳಿರುವುದು ಕೆಳಗೆ, ಮಂದ ಬೆಳಕಿನ ತಣ್ಣನೆಯ ಕೋಣೆಗಳಲ್ಲಿ. ಅಲ್ಲಿ ಫೋಟೊ ತೆಗೆಯುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ರಾಜರನ್ನು ದಾಟಿಕೊಂಡು ಹೋದೆವು. ಆಮೇಲೆ ಒಬ್ಬ ರಾಣಿಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು.

ಕೂದಲು ಹಾಗೇ ಇತ್ತು. ಮುಚ್ಚಿದ ರೆಪ್ಪೆ, ಮೂಗು, ಒಂಚೂರು ತೆರೆದ ತುಟಿ. ಬಣ್ಣ ಮಾತ್ರ ಹಳೇ ಬೆಲ್ಲದ ಹಾಗೆ ಕಪ್ಪಾಗಿತ್ತು. ಮುಖ ಇತ್ತು! ಐದನೇ ಕ್ಲಾಸಿನಿಂದ ನಾನು ನೋಡಬೇಕೆಂದಿದ್ದದ್ದು ಇದನ್ನೇ. ಖುಷಿಯಾಯಿತು. ಆದರೆ ಗಾಜಿಗೆ ಮೂಗು ಒತ್ತಿ ಬಗ್ಗಿ ಬಗ್ಗಿ ನೋಡುವವರನ್ನು ಕಂಡಾಗ ಪಾಪ ಅನ್ನಿಸಿತು. ಯಾರ ಅವ್ವನೋ ಏನೋ, ಸೆರಗು ಹೊದಿಸಿಬಿಡಬೇಕು ಅನ್ನಿಸಿತು.

"ಅಕ್ಕಾ, ಈಗ ಹೇಳು" ಅಂದೆ. "ಅವ್ವನ ಮುಖ ಇದಕ್ಕಿಂತ ಅಗಲ ಇತ್ತಾ?"

ಅಕ್ಕ ಗಾಜಿನ ಕಡೆ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

"ಹೊರಗೆ ಹೋಗಾಣ ಬಾರೇ."

"ಐವತ್ತು ವರ್ಷದಿಂದ ಕಾದಿದೀನಿ. ಈಗ ಬಂದು ಹೊರಗೆ ಹೋಗಾಣ ಅಂತೀಯಲ್ಲ!" ನನ್ನ ದನಿ ಏರಿತು. ಕಾವಲಿನ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು. ನಾನು ಬಿಡಲಿಲ್ಲ. "ಮೂಗಾದ್ರೂ ಹೇಳೇ. ಇಷ್ಟುದ್ದ ಇತ್ತಾ?"

"ನಂಗೊತ್ತಿಲ್ಲ ಕಣೇ."

"ಏನು ಗೊತ್ತಿಲ್ಲ?"

"ಅವ್ವನ ಮುಖ. ನಂಗೂ ನೆನಪಿಲ್ಲ."

ಹೊರಗೆ ಹೇಗೆ ಬಂದೆವೋ ತಿಳಿಯದು. ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಅಕ್ಕ ಕೂತಳು. ನಾನು ಕೂರಲಿಲ್ಲ. ಕೆಂಡದಂಥ ಸಿಟ್ಟು ಬಂದಿತ್ತು.

"ಮತ್ತೆ ಅಗಲ ಹಣೆ, ಹುಬ್ಬು, ಗುಳಿ, ಅದೆಲ್ಲ ಏನು?"

"ಒಂದು ವರ್ಷ ಇತ್ತು ಕಣೇ ಮುಖ" ಅಂದಳು, ಸೆರಗಿನ ತುದಿಯನ್ನು ಸುತ್ತುತ್ತ. "ಆಮೇಲೆ ಯಾವಾಗ ನೆನೆಸ್ಕಂಡ್ರೂ ಆ ಈಬತ್ತಿ ಬಳಿದಿದ್ದೇ ಬರದು. ಎಷ್ಟು ಒರೆಸಿದ್ರೂ ಒಳಗೆ ಮುಖನೇ ಇರ್ತಿರ್ಲಿಲ್ಲ. ನೀನು ದಿನಾ ಕೇಳ್ತಿದ್ದಿ. ಹೇಳ್ದಿದ್ರೆ ಉಣ್ತಿರ್ಲಿಲ್ಲ. ಮಾವ ಅಂತಿದ್ನಲ್ಲ, ನೀನು ಅವ್ವನಂಗೇ ಅಂತ? ಅದಕ್ಕೇ ನಿನ್ನ ಎದುರಿಗೆ ಕುಂಡ್ರಿಸ್ಕಂಡು, ನಿನ್ನ ಮುಖ ನೋಡ್ಕಂಡು ನೋಡ್ಕಂಡು ಹೇಳ್ತಿದ್ದೆ."

ಅಷ್ಟು ವರ್ಷ ನಾನು ಅವ್ವನೆಂದು ಎದೆಯಲ್ಲಿಟ್ಟುಕೊಂಡು ಮುದ್ದು ಮಾಡಿದ್ದು ನನ್ನದೇ ಮುಖವನ್ನು. ಮೋಸ ಹೋದೆ ಅನ್ನಿಸಿತು. ಅವ್ವ ಇನ್ನೊಂದು ಸಲ ಸತ್ತಹಾಗಾಯಿತು.

"ಸುಳ್ಳಿ!" ಅಂದೆ. "ದೊಡ್ಡವಳಾದ ಮೇಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇಬ್ರಿಗೂ ಇಲ್ದಂಗಾಗ್ತಿತ್ತು. ನಿಂಗಾದ್ರೂ ಇರ್ಲಿ ಅಂತ."

"ಗೊತ್ತಿಲ್ದಿದ್ರೆ ನೀನೂ ಯಾರನ್ನಾದ್ರೂ ಕೇಳ್ಬೇಕಿತ್ತಪ್ಪ!"

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. "ನೀನು ನನ್ನ ಕೇಳ್ತಿದ್ದಿ. ನಾನು ಯಾರನ್ನ ಕೇಳ್ಲೇ? ನಂಗೆ ಹನ್ನೊಂದು ವರ್ಷ ಕಣೇ."

ಹನ್ನೊಂದು. ಆರು ವರ್ಷಕ್ಕೆ ದೊಡ್ಡವಳು ಎಂದು ಗೊತ್ತಿದ್ದವಳಿಗೆ ಈ ಲೆಕ್ಕ ಯಾಕೆ ಬರಲಿಲ್ಲವೋ. ನನ್ನ ಪಾಲಿಗೆ ಅವಳು ಯಾವಾಗಲೂ ದೊಡ್ಡವಳೇ. ಸೌದೆ ಒಟ್ಟಿದವಳು, ತುತ್ತು ಇಟ್ಟವಳು, ನನ್ನ ಜಡೆ ಹಾಕಿದವಳು. ತಾಯಿಲ್ಲದ ಮಗು ಎಂದು ಇಡೀ ಊರು ನನ್ನ ತಲೆ ನೇವರಿಸುತ್ತಿತ್ತು, ನಾನೂ ಹೋದಲ್ಲೆಲ್ಲ ಅದನ್ನೇ ಹೇಳಿಕೊಂಡು ಅತ್ತಿದ್ದೇನೆ. ನಿನಗೂ ಅವ್ವ ಬೇಕನ್ನಿಸುತ್ತಾ ಎಂದು ಒಂದು ದಿನ, ಒಂದೇ ಒಂದು ದಿನ ನಾನು ಅವಳನ್ನು ಕೇಳಿರಲಿಲ್ಲ. ಈಗ ಕೇಳಿದೆ.

ಅಕ್ಕ ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ, "ಅವ್ವಾ" ಎಂದು ಅಳತೊಡಗಿದಳು. ಅರವತ್ತೈದರ ಹೆಂಗಸು, ಹಾದುಹೋಗುವವರೆಲ್ಲ ತಿರುಗಿ ನೋಡುವ ಹಾಗೆ. ಅವ್ವನಿಗಾಗಿ ಅವಳು ಅತ್ತದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ಗುಂಪಿನವರು ಬಸ್ಸು ಹತ್ತಿ ನಮ್ಮ ಕಡೆ ಕೈ ಬೀಸುತ್ತಿದ್ದರು. ಕಾಯಲಿ ಬಿಡು ಎಂದುಕೊಂಡು ನಾನು ಅವಳ ಬೆನ್ನು ತಟ್ಟುತ್ತಾ ಕೂತೆ.