ಹನ್ನೆರಡು ಊರಿನ ನಕಾಶೆ, ಒಂದು ಜಿಪ್ ಫೈಲು

ಆ ಪ್ರೋಗ್ರಾಮಿಗೆ ಅವನು ಕೇಳಿದ್ದು ಒಂದೂವರೆ ಚೀಲ ತೊಗರಿ. ನಾನು ಚೌಕಾಶಿ ಮಾಡಿ ಒಂದಕ್ಕೆ ಇಳಿಸಿದೆ. ಕೊನೆಗೆ ಕೊಟ್ಟದ್ದು ಎರಡು. ಹೆಂಗ ಅಂತೀರಾ? ಕೇಳಿ.

ಶಹಾಪುರದಲ್ಲಿ ನನ್ನದೊಂದು ಸ್ಕ್ಯಾನಿಂಗ್ ಅಂಗಡಿ. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ನೀರಿಗಿಂತ ಹೆಚ್ಚು ಹರಿದದ್ದು ಕಾಗದ; ನಾನು ಉದ್ಧಾರವಾದದ್ದೂ ಆ ಕಾಗದದಿಂದಲೇ. ಆ ವರ್ಷ ನೀರು ಬಳಕೆದಾರರ ಸಂಘವೊಂದು, ಕಾಲುವೆ ನೀರಿನ ಪಟ್ಟಿಯಲ್ಲಿ ಬಿಟ್ಟುಹೋದ ಹೊಲಗಳ ನಕಾಶೆ ಸ್ಕ್ಯಾನ್ ಮಾಡಿ ನೀರಾವರಿ ಕಚೇರಿಗೆ ಕಳಿಸುವ ಕೆಲಸ ಕೊಟ್ಟಿತು. ಹನ್ನೆರಡು ಊರು. ನಕಾಶೆ ಮುಟ್ಟಿದರೆ ಹೊಲಕ್ಕೆ ಕಾಲುವೆ ನೀರಿನ ಹಕ್ಕು, ಇಲ್ಲದಿದ್ದರೆ ಇಲ್ಲ. ಎಲ್ಲವೂ ಸೇರಿ ಒಂದೇ ಫೈಲಾಗಬೇಕು, ಕೊನೆಯ ದಿನ ಸಂಜೆ ಐದರೊಳಗೆ ಹೋಗಬೇಕು.

ಒಂದೊಂದೇ ಫೈಲು ಆರಿಸುತ್ತ ಕೂರುವವ ನಾನಲ್ಲ. ಎಲ್ಲವನ್ನೂ ಒಂದೇ ಜಿಪ್ ಫೈಲಾಗಿ ಕಟ್ಟುವ ಪ್ರೋಗ್ರಾಮು ಬರೆಸಲು, ಯಾದಗಿರಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನೊಬ್ಬನನ್ನು ಹಿಡಿದೆ. ಅವನ ಮನೆಗೆ ವರ್ಷದ ಬೇಳೆ ಬೇಕಿತ್ತು, ನನಗೆ ನಗದು ಬಿಚ್ಚುವ ಮನಸ್ಸಿರಲಿಲ್ಲ.

"ಊರಿಗೊಂದು ಫೋಲ್ಡರ್ ಉಳಸಬೇಕು, ಕಟ್ಟಿದ ಮ್ಯಾಲ ಬಿಚ್ಚಿ ಎಣಸಬೇಕು. ಒಂದೂವರಿ ಚೀಲರಿ" ಎಂದ.

"ಬಿಚ್ಚೋದಕ್ಯಾಕ ತೊಗರಿ? ಕಟ್ಟೋದಷ್ಟ ಬರಿ. ಒಂದ ಚೀಲ."

"ಆತ್ರಿ. ಎಲ್ಲಾ ಒಂದ ಫೋಲ್ಡರಿಗೆ ಸುರುವಿ ಜಿಪ್ ಮಾಡಿಬಿಡ್ತೇನಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಕೊನೆಯ ದಿನ ಮಧ್ಯಾಹ್ನ ಗುಂಡಿ ಒತ್ತಿದೆ. ಕ್ಷಣದಲ್ಲಿ ಜಿಪ್ ತಯಾರು, ಅದೂ ಎಷ್ಟು ಚಿಕ್ಕದು! ಎದುರಿಗೆ ಸುರಪುರ ತಾಲ್ಲೂಕಿನ ಕೆಂಭಾವಿ ಕಡೆಯ ಶಿಕ್ಷಕಿಯೊಬ್ಬರು ಕೂತಿದ್ದರು. ಅವರ ಮೂರು ಎಕರೆಯೂ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು.

"ನೋಡ್ರಿ ಅಕ್ಕೋರ, ಹನ್ನೆರಡು ಊರು ಅಂಗೈಯಾಗ ಕುಂತಾವ!"

"ನನ್ನ ಹೊಲ ಎಲ್ಲೈತಿ ತೋರಸ್ರಿ."

"ಒಳಗ ಐತ್ರಿ, ಕಟ್ಟಿಬಿಟ್ಟೇನಿ."

"ಸಂತ್ಯಾಗ ಚೀಲದ ಬಾಯಿ ಬಿಚ್ಚಸಲಾರದ ಒಂದು ಸೇರು ತೊಗೊಳ್ಳೋರಲ್ಲ ನೀವು. ಬಿಚ್ಚರಿ."

ಬಿಚ್ಚಿದೆ. ಒಳಗೆ ಕೊನೆಗೆ ಸುರಿದ ದೊಡ್ಡ ಊರಿನ ನಕಾಶೆಗಳು ಮಾತ್ರ. ಶಾಣ್ಯಾ ನಾನು ಪ್ರತಿ ಊರಿನವಕ್ಕೂ 'ನಕಾಶೆ 1', 'ನಕಾಶೆ 2' ಎಂದೇ ಹೆಸರಿಟ್ಟಿದ್ದೆ. ಒಂದೇ ಫೋಲ್ಡರಿಗೆ ಬಿದ್ದಾಗ, ಅದೇ ಹೆಸರಿನ ಹೊಸದು ಹಳೆಯದನ್ನು ಸದ್ದಿಲ್ಲದೆ ಅಳಿಸಿತ್ತು.

"ಹನ್ನೊಂದು ಊರು ಅಳಿಸಿದ ಮ್ಯಾಲ ಚಿಕ್ಕದಾಗಲಾರದ ಏನ್ ಮಾಡೀತ್ರಿ?" ಎಂದರು ಅಕ್ಕೋರು.

ಪುಣ್ಯಕ್ಕೆ ಮೂಲ ಸ್ಕ್ಯಾನ್‌ಗಳು ಬೇರೆ ಕಡೆ ಹಾಗೇ ಇದ್ದವು. ಯಾದಗಿರಿಗೆ ಫೋನು ಮಾಡಿದೆ.

"ಬಿಚ್ಚೋ ಭಾಗ ಬೇಕಾತೇನ್ರಿ? ಈಗ ಅದಕ್ಕ ಪೂರಾ ಒಂದ ಚೀಲ."

"ಅವತ್ತು ಅರ್ಧಾ ಅಂದಿದ್ದೆಲ್ಲೊ!"

"ಅವತ್ತು ಮೂರೂವರಿ ಆಗಿರಲಿಲ್ಲರಿ."

ಚೌಕಾಶಿ ಸೋತಿತು, ಇನ್ನೊಂದು ಚೀಲಕ್ಕೆ ಒಪ್ಪಿದೆ. ಅವನು ತಿದ್ದಿ ಕಳಿಸಿದ. ಈ ಸಲ ಜಿಪ್ ನಿಧಾನಕ್ಕೆ ಕಟ್ಟಿತು, ಫೈಲು ದಪ್ಪಗೆ ಬಂತು. ಅಕ್ಕೋರು ತಮ್ಮ ಊರಿನ ಫೋಲ್ಡರ್ ತೆಗೆಸಿ, ಕಂಪ್ಯೂಟರಿನ ಗಾಜಿನ ಮೇಲೆ ಬೆರಳಿಟ್ಟು ಹೊಲದ ಗಡಿಗಲ್ಲು ಒಂದೊಂದೇ ಎಣಿಸಿದರು. "ಹಾಂ, ಈಗ ಕಳಸ್ರಿ." ಐದಕ್ಕೆ ಹತ್ತು ನಿಮಿಷ ಇರುವಾಗ ಹೋಯಿತು. ಮುಂದಿನ ಪಟ್ಟಿಯಲ್ಲಿ ಅವರ ಮೂರು ಎಕರೆ ಬಂತು.

ನೀವೂ ಇಂಥ ಪ್ರೋಗ್ರಾಮು ಬರೆಸುವವರಿದ್ದರೆ, ಫೈಲಿನ ಹೆಸರಿನಲ್ಲೇ ಊರು, ಸರ್ವೆ ನಂಬರು ಹಾಕಿ. ಸ್ಕ್ಯಾನ್ ಮಾಡಿದ ಫೋಟೊಗಳು ಜಿಪ್ಪಿನಲ್ಲಿ ಅಷ್ಟೇನೂ ಕುಗ್ಗುವುದಿಲ್ಲ. ಬಹಳ ಕುಗ್ಗಿದರೆ ಹಿಗ್ಗಬೇಡಿ, ಏನೋ ಕಳೆದಿದೆ ಎಂದು ತಿಳಿಯಿರಿ. ಕಳಿಸುವ ಮೊದಲು ಬೇರೆ ಜಾಗದಲ್ಲಿ ಬಿಚ್ಚಿ ಎಣಿಸಿ, ಒಂದೆರಡನ್ನು ತೆರೆದು ನೋಡಿ. ಚೌಕಾಶಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಅವಸರ ಬೀಳುವ ಮೊದಲೇ ಮಾಡಿ, ಪರೀಕ್ಷೆಯ ಭಾಗ ಬಿಟ್ಟು ಉಳಿದದ್ದರ ಮೇಲೆ ಮಾಡಿ.